ಉಪಸ್ಥಿತಿ: ದಿವಂಗತ ರಾಮಲಿಂಗಪ್ಪನವರು

ಜಮಖಂಡಿಯಲ್ಲಿ ಕೇಂದ್ರ ಕಚೇರಿಯನ್ನೂ, ಮುಧೋಳ, ಬೀಳಗಿ, ಗಲಗಲಿ ಹಾಗೂ ರಬಕವಿ-ಬನಹಟ್ಟಿಗಳಲ್ಲಿ ಶಾಖೆಗಳನ್ನೂ ಹೊಂದಿರುವ ಉಭಯತೀರ ಕಬ್ಬು ಕಟಾವು ಮತ್ತು ಸಾಗಾಣಿಕೆ ಸಹಕಾರಿ ಸಂಘದ ಆಡಳಿತ ಮಂಡಳಿಯು, ತನ್ನ ಎಲ್ಲ ಕಂಪ್ಯೂಟರುಗಳನ್ನು ಒಂದೇ ಡೊಮೇನಿನ ಅಡಿಗೆ ತರಲು ಸರ್ವಾನುಮತದಿಂದ ನಿರ್ಧರಿಸಿತು. ಡೊಮೇನ್ ಅಂದರೇನು ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಸರ್ವಾನುಮತ ಬರುತ್ತಿರಲಿಲ್ಲ.

ಅದೇ ಠರಾವಿನ ಬಾಲಕ್ಕೆ ಇನ್ನೊಂದು ಮಾತು ಅಂಟಿಕೊಂಡಿತ್ತು. ಇನ್ನು ಮುಂದೆ ಸಂಘದಲ್ಲಿ ಯಾರು ಎಷ್ಟು ಕೆಲಸ ಮಾಡಿದರು ಎಂಬುದನ್ನು ಅವರವರ ಲಾಗಿನ್ ನೋಡಿಯೇ ತೀರ್ಮಾನಿಸತಕ್ಕದ್ದು. ಕಬ್ಬಿನ ಹಂಗಾಮು ಮುಗಿದ ಮೇಲೆ ಗಣಕ ವಿಭಾಗದ ಒಂದು ಕಾಯಂ ಹುದ್ದೆಯನ್ನು ಇದೇ ಆಧಾರದ ಮೇಲೆ ತುಂಬತಕ್ಕದ್ದು. ಇದನ್ನು ಓದಿದ ದಾನೇಶ್ವರಿಗೆ ಅವತ್ತು ರೊಟ್ಟಿ ಒಂದು ಹೆಚ್ಚೇ ಹೋಯಿತು. ಗಣಕ ವಿಭಾಗದಲ್ಲಿ ಇದ್ದವಳು ಅವಳೊಬ್ಬಳೇ. ವರ್ಷ ವರ್ಷ ಗುತ್ತಿಗೆಯ ಕಾಗದಕ್ಕೆ ಸಹಿ ಹಾಕಿ ಹಾಕಿ ಅವಳ ಸಹಿ ತೇದುಹೋಗಿತ್ತು. ಅವಳ ತಾಯಿ ತಂಗೆವ್ವನಂತೂ ಆದೇಶ ಬರುವ ತನಕ ಕಾಯುವ ಹೆಂಗಸಲ್ಲ. ಬನಹಟ್ಟಿಯ ಪೇಂಟರ್ ಹತ್ತಿರ ಹೋಗಿ, ಸಾಗವಾನಿಯ ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ‘ದಾನೇಶ್ವರಿ’ ಎಂದು ಬರೆಸಿ, ಮೇಜಿನ ಮೇಲೆ ನಿಲ್ಲುವ ಹಾಗೆ ಕಾಲು ಹಚ್ಚಿಸಿ, ಹಳೆ ಇಳಕಲ್ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟುಬಿಟ್ಟಳು. ಮಗಳು ಕಾಯಂ ಆದ ದಿನ ತಾನೇ ಕೈಯಾರೆ ಆಫೀಸಿಗೆ ಒಯ್ದು ಇಡುವುದು ಅವಳ ಆಸೆ.

ಡೊಮೇನ್ ಎಂದರೆ ಒಂದು ದೊಡ್ಡ ಮನೆ ಇದ್ದ ಹಾಗೆ ಎಂದು ದಾನೇಶ್ವರಿ ಮಂಡಳಿಗೆ ವಿವರಿಸಿದಳು. ಪ್ರತಿಯೊಬ್ಬರಿಗೂ ಒಂದು ಖಾತೆ, ಒಂದು ಪಾಸ್‌ವರ್ಡ್. ಖಾತೆಗಳನ್ನು ಗುಂಪು ಮಾಡಿ, ಗುಂಪಿಗೆ ಹಕ್ಕು ಕೊಡುವುದು. ಕಬ್ಬು ಕಡಿಯಲು ರೈತರಿಗೆ ಸರದಿಯಂತೆ ಕಟಾವು ಚೀಟಿ ಕೊಡುವವರದು ಒಂದು ಗುಂಪು, ಟ್ರಾಕ್ಟರ್ ಹಂಚುವವರದು ಇನ್ನೊಂದು, ಹೀಗೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಚೇರ್ಮನ್ ಅಣ್ಣಾಸಾಹೇಬರು, ತಾವು ಯಾವ ಗುಂಪಿನಲ್ಲಿ ಬರುತ್ತೇವೆ ಎಂದು ಕೇಳಿದರು. ಸಾಹೇಬರಿಗೆ ಎಲ್ಲವನ್ನೂ ನೋಡುವ ಹಕ್ಕು ಇರುತ್ತದೆ, ಮುಟ್ಟುವ ಹಕ್ಕು ಬೇಕಾಗುವುದಿಲ್ಲ ಎಂದು ಅವಳು ಇದ್ದದ್ದನ್ನು ಹೇಳಿದಳು.

“ಏನವಾ, ಕೆಲಸದ ಪ್ರಕಾರ ಗುಂಪು ಮಾಡಿದ್ರ, ಕೆಲಸ ಇಲ್ದಾವ್ರು ಎಲ್ಲಿ ಹೋಗ್ಬೇಕು?” ಎಂದು ಅಣ್ಣಾಸಾಹೇಬರು ಬಹಳ ಮೆತ್ತಗೆ ಕೇಳಿದರು.

ಪ್ರಶ್ನೆ ನ್ಯಾಯವಾಗಿತ್ತು. ಮಂಡಳಿಯ ನಿರ್ದೇಶಕರೆಲ್ಲ ದಾನೇಶ್ವರಿಯನ್ನು, ಪಂಕ್ತಿಯಲ್ಲಿ ಎಲೆ ಹಾಕದೆ ಮುಂದೆ ಹೋದವಳನ್ನು ನೋಡುವ ಹಾಗೆ ನೋಡಿದರು. ಆಗ ಸಂಘದ ಮ್ಯಾನೇಜರ್ ಸಿದ್ದಾರೂಢ ಎದ್ದು ನಿಂತ. ಸಿದ್ದಾರೂಢನಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಆದರೆ ಆಮಂತ್ರಣ ಪತ್ರಿಕೆ ಗೊತ್ತಿತ್ತು. ಈ ಭಾಗದಲ್ಲಿ ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಯಾರ ಮೇಲೆ, ಯಾರ ಫೋಟೋ ಎಷ್ಟು ದೊಡ್ಡದು ಎಂಬುದನ್ನು ಬಲ್ಲವನು ಯಾವ ನೌಕರಿಯಲ್ಲಾದರೂ ಬದುಕುತ್ತಾನೆ. ಹಿಂದೊಮ್ಮೆ ಬೀಳಗಿ ಶಾಖೆಯ ಕುಡಿಯುವ ನೀರಿನ ಟಾಕಿಯ ಉದ್ಘಾಟನೆಗೆ ಒಬ್ಬ ನಿರ್ದೇಶಕರ ಹೆಸರು ಅವರ ಷಡ್ಡಕರ ಹೆಸರಿನ ಕೆಳಗೆ ಬಂದು, ಪತ್ರಿಕೆಯನ್ನು ಮತ್ತೆ ಮತ್ತೆ ಅಚ್ಚು ಹಾಕಿಸಿ, ಕೊನೆಗೆ ಟಾಕಿಯಲ್ಲಿ ಪಾಚಿ ಕಟ್ಟಿದ ಮೇಲೆ ಉದ್ಘಾಟನೆ ಆಗಿತ್ತು. ಅಂದಿನಿಂದ ಸಿದ್ದಾರೂಢ ತನ್ನ ಡ್ರಾಯರಿನಲ್ಲಿ ಎಲ್ಲರೂ ಒಪ್ಪಿದ ಒಂದು ಪತ್ರಿಕೆಯನ್ನು ಮಾದರಿಯಾಗಿ ಇಟ್ಟುಕೊಂಡಿದ್ದ. ಅದನ್ನೇ ತಂದು ಮೇಜಿನ ಮೇಲೆ ಹರಡಿ, ಗುಂಪುಗಳು ಇದರಲ್ಲಿ ಆಗಲೇ ಇವೆ, ಹೊಸದಾಗಿ ಮಾಡುವ ತ್ರಾಸು ಯಾಕೆ ಎಂದ.

ಠರಾವು ಪಾಸಾಯಿತು. ಡೊಮೇನಿನಲ್ಲಿ ಈ ಕೆಳಗಿನ ಗುಂಪುಗಳು ಜಾರಿಗೆ ಬಂದವು. ಎಲ್ಲಕ್ಕಿಂತ ಮೇಲೆ ‘ದಿವ್ಯ ಸಾನ್ನಿಧ್ಯ’. ಹೊಸ ಖಾತೆ ತೆರೆಯುವ, ಹಳೆ ಖಾತೆ ಮುಚ್ಚುವ ಸರ್ವಾಧಿಕಾರ ಇದಕ್ಕೆ ಮಾತ್ರ. ಆದರೆ ಯಾವ ಮಠದ ಸ್ವಾಮಿಗಳನ್ನು ಕರೆಯಬೇಕು ಎಂಬುದರಲ್ಲಿ ಮಂಡಳಿಯ ಎರಡು ಪಾರ್ಟಿಗಳಿಗೆ ಒಮ್ಮತವಿಲ್ಲದ್ದರಿಂದ ಜಾಗ ಖಾಲಿ ಇಡಲಾಯಿತು. ಅದರ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ತಿಜೋರಿಯಲ್ಲಿ ಇಡಲಾಯಿತು. ಅದರ ಕೆಳಗೆ ‘ಅಧ್ಯಕ್ಷತೆ’, ಅಂದರೆ ಅಣ್ಣಾಸಾಹೇಬರು. ಆಮೇಲೆ ‘ಘನ ಉಪಸ್ಥಿತಿ’, ಅಂದರೆ ಸಮಸ್ತ ನಿರ್ದೇಶಕರು; ಕಟಾವು ಚೀಟಿ ಕೊಡುವ ಹಕ್ಕು ಇವರಿಗೆ. ಆಮೇಲೆ ‘ಗೌರವಾನ್ವಿತ ಆಹ್ವಾನಿತರು’, ಅಂದರೆ ಮಾಜಿ ನಿರ್ದೇಶಕರು ಮತ್ತು ಹಾಲಿ ನಿರ್ದೇಶಕರ ಬೀಗರು. ಎಲ್ಲಕ್ಕಿಂತ ಕೆಳಗೆ, ಪತ್ರಿಕೆಯ ತಳದಲ್ಲಿ ಸಣ್ಣಕ್ಷರದಲ್ಲಿ ಇರುವಂತೆ, ‘ಸರ್ವರಿಗೂ ಸ್ವಾಗತ ಕೋರುವ ಸಿಬ್ಬಂದಿ ವರ್ಗ’. ಇವರಿಗೆ ಕಂಪ್ಯೂಟರನ್ನು ಚಾಲೂ ಮಾಡುವ, ಬಂದ್ ಮಾಡುವ ಮತ್ತು ಒರೆಸುವ ಹಕ್ಕನ್ನು ನೀಡಲಾಯಿತು.

ದಾನೇಶ್ವರಿ ಎಲ್ಲರ ಖಾತೆ ತೆರೆದು, ಲಕೋಟೆಗೆ ಅರಗು ಬೀಳುವ ಮೊದಲು ತನ್ನ ಖಾತೆ ಯಾವ ಗುಂಪಿನಲ್ಲಿ ಎಂದು ಸಿದ್ದಾರೂಢನನ್ನು ಕೇಳಿದಳು. ಅವನು ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಗುತ್ತಿಗೆಯವಳಾದ್ದರಿಂದ ಅವಳು ಸಿಬ್ಬಂದಿ ವರ್ಗ ಅಲ್ಲ. ಬೀಗರಂತೂ ಅಲ್ಲ.

“ಪತ್ರಿಕಾ ಬರದಾವ್ರ ಹೆಸರು ಪತ್ರಿಕಾದಾಗ ಇರಂಗಿಲ್ಲ, ತಂಗಿ,” ಎಂದ ಸಿದ್ದಾರೂಢ. “ಕಾಯಂ ಆಗ್ಲಿ, ಮದಲ ನಿನ್ನ ಖಾತೇನ ತೆಗಸ್ತೀನಿ.”

ಕಾಯಂ ಆಗಲು ಲಾಗಿನ್ ಬೇಕು, ಲಾಗಿನ್ ಸಿಗಲು ಕಾಯಂ ಆಗಬೇಕು. ಇದು ದಾನೇಶ್ವರಿಗೆ ಆವಾಗಲೇ ಹೊಳೆಯಿತು. ಆದರೆ ಅರಗು ಅಷ್ಟರಲ್ಲಿ ಆರಿತ್ತು.

ಇಲ್ಲಿ ರಾಮಲಿಂಗಪ್ಪನವರ ವಿಷಯ ಹೇಳಬೇಕು. ಅವರು ಗಲಗಲಿಯ ನಿರ್ದೇಶಕರು. ಡೊಮೇನ್ ಬರುವ ಎಷ್ಟೋ ಮೊದಲೇ ತೀರಿಕೊಂಡಿದ್ದರು. ಅವರ ಜಾಗಕ್ಕೆ ತಮ್ಮ ಅಳಿಯ ಬರಬೇಕು ಎಂದು ಅಣ್ಣಾಸಾಹೇಬರ ಮನಸ್ಸಿನಲ್ಲಿತ್ತು, ಬರಬಾರದು ಎಂದು ಉಳಿದವರ ಮನಸ್ಸಿನಲ್ಲಿತ್ತು. ಆದ್ದರಿಂದ ಜಾಗ ತೆರವಾಗಿದೆ ಎಂದು ಸಂಘ ಇನ್ನೂ ಒಪ್ಪಿರಲಿಲ್ಲ, ಮಾದರಿ ಪತ್ರಿಕೆಯಲ್ಲಿ ಅವರ ಹೆಸರು ಹಾಗೇ ಇತ್ತು. ಹೆಸರಿದ್ದ ಮೇಲೆ ಖಾತೆ ಬೇಕು. ಅವರ ಹಳೆ ಕಂಪ್ಯೂಟರಿನ ಪ್ರೊಫೈಲನ್ನೂ ದಾನೇಶ್ವರಿಯೇ ಹೊಸ ಸರ್ವರಿಗೆ ಸಾಗಿಸಿದ್ದಳು. ತೆರೆದರೆ ಪರದೆಯ ತುಂಬ ರಾಮಲಿಂಗಪ್ಪನವರು: ತಲೆಗೆ ಕೆಂಪು ರುಮಾಲು, ಕೈಯಲ್ಲಿ ಬಡಿಗೆ, ಪಕ್ಕದಲ್ಲಿ ಅವರ ಪ್ರೀತಿಯ ಮುಧೋಳ ನಾಯಿ. ಕೆಳಗೆ ಸಾಲಾಗಿ ಅವರು ಕೂಡಿಸಿಟ್ಟಿದ್ದ ಶುಭೋದಯದ ಚಿತ್ರಗಳು.

ಹಂಗಾಮು ಶುರುವಾಯಿತು. ಘನ ಉಪಸ್ಥಿತಿಗೆ ಹಕ್ಕಿತ್ತು, ರೂಢಿ ಇರಲಿಲ್ಲ. ಅಣ್ಣಾಸಾಹೇಬರು ಉದ್ಘಾಟನೆಗೆಂದು ಊದಿನಕಡ್ಡಿ ಹಚ್ಚಿಸಿ ಲಾಗಿನ್ ಮಾಡಲು ಕುಳಿತು, ಪಾಸ್‌ವರ್ಡಿನ ಜಾಗದಲ್ಲಿ ಪದೇ ಪದೇ ತಮ್ಮ ಹೆಸರನ್ನೇ ಹೊಡೆದರು. ಯಂತ್ರ ಅವರನ್ನು ಗುರುತಿಸಲಿಲ್ಲ, ಖಾತೆಯೇ ಲಾಕ್ ಆಯಿತು. ಚೇರ್ಮನ್ನರ ಖಾತೆ ಲಾಕ್ ಆಗಿರುವಾಗ ತಾವು ಒಳಗೆ ಹೋಗುವುದು ಸಭ್ಯತೆ ಅಲ್ಲ ಎಂದು ಉಳಿದ ನಿರ್ದೇಶಕರು ಕಂಪ್ಯೂಟರಿಗೆ ಕೈಮುಗಿದು ಮನೆಗೆ ಹೋದರು. ಒಂದು ಚೀಟಿಯೂ ಹೊರಬೀಳಲಿಲ್ಲ. ಹೊಲಗಳಲ್ಲಿ ಕಬ್ಬು ನಿಂತಿತ್ತು, ರಸ್ತೆಯಲ್ಲಿ ಟ್ರಾಕ್ಟರುಗಳು ನಿಂತಿದ್ದವು, ಹೊಳೆ ದಂಡೆಯಲ್ಲಿ ಕಬ್ಬು ಕಡಿಯುವ ಟೋಳಿಯವರು ಗುಡಿಸಲು ಹಾಕಿಕೊಂಡು ಇಸ್ಪೀಟು ಆಡುತ್ತಿದ್ದರು.

ಗಲಗಲಿಯಿಂದ ತಾರವ್ವ ಎಂಬ ರೈತ ಹೆಂಗಸು ಬಸ್ಸು ಹತ್ತಿ ಜಮಖಂಡಿಗೇ ಬಂದು ಕಚೇರಿಯ ಬಾಗಿಲಲ್ಲಿ ಕುಳಿತಳು. ಕಬ್ಬಿಗೆ ಸೂಲಂಗಿ ಹೂವು ಬಂದಿದೆ, ಇನ್ನು ಬಿಟ್ಟರೆ ಬೆಂಡಾಗುತ್ತದೆ, ಚೀಟಿ ತೆಗೆದುಕೊಂಡೇ ಏಳುವವಳು ಎಂದು ಸಾರಿ, ರೊಟ್ಟಿಯ ಗಂಟು ಬಿಚ್ಚಿದಳು. ರೊಟ್ಟಿಯ ಗಂಟು ಬಿಚ್ಚಿದವರನ್ನು ಎಬ್ಬಿಸುವುದು ಕಷ್ಟ ಎಂದು ಬಲ್ಲ ಸಿದ್ದಾರೂಢ ದಾನೇಶ್ವರಿಯನ್ನು ಒಳಗೆ ಕರೆದ. ರಾಮಲಿಂಗಪ್ಪನವರ ಪಾಸ್‌ವರ್ಡ್ ಅವಳೇ ಹಾಕಿದ್ದಲ್ಲವೇ, ಅದರಲ್ಲಿ ಕೂತು ಚೀಟಿ ಕೊಟ್ಟುಬಿಡು ಎಂದ. ಒಬ್ಬರ ಖಾತೆಯನ್ನು ಇನ್ನೊಬ್ಬರು ಬಳಸಿದರೆ ಕೆಲಸದಿಂದ ತೆಗೆಯಲಾಗುವುದು ಎಂಬ ನಿಯಮವನ್ನು ಅವಳು ನೆನಪಿಸಿದಳು.

“ಆ ನಿಯಮ ಜೀವಂತ ಇದ್ದಾವ್ರಿಗಿ. ರಾಮಲಿಂಗಪ್ನೋರು ಬ್ಯಾಡ ಅಂದಾರೇನು?”

ಅಂದಿರಲಿಲ್ಲ. ದಾನೇಶ್ವರಿ ಕುಳಿತಳು. ಪರದೆಯ ಮೇಲೆ ರುಮಾಲು, ಬಡಿಗೆ, ನಾಯಿ ಸಮೇತ ರಾಮಲಿಂಗಪ್ಪನವರು ಪ್ರತ್ಯಕ್ಷರಾದರು, ಆ ಹಂಗಾಮಿನ ಮೊದಲ ಕಟಾವು ಚೀಟಿ ಹೊರಬಿತ್ತು. ‘ಅನುಮೋದಿಸಿದವರು: ಶ್ರೀ ರಾಮಲಿಂಗಪ್ಪನವರು’ ಎಂಬ ಸಾಲನ್ನು ಓದಿಸಿಕೊಂಡು ತಾರವ್ವ ಚೀಟಿಯನ್ನು ಬೆಳಕಿಗೆ ಹಿಡಿದಳು.

“ಇವರ ಮಣ್ಣಿಗಿ ನಾ ಹೋಗಿದ್ನೆಲ,” ಎಂದಳು. ಸ್ವಲ್ಪ ಯೋಚಿಸಿ ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಇದ್ದಾಗ ಒಂದ ಚೀಟಿ ಕೊಡಲಿಲ್ಲ. ಈಗರೆ ಕೊಟ್ರಲ್ಲ, ಛಲೋ ಆತು.”

ಅಲ್ಲಿಂದ ಮುಂದೆ ರಾಮಲಿಂಗಪ್ಪನವರಿಗೆ ಬಿಡುವಿರಲಿಲ್ಲ. ದಾನೇಶ್ವರಿ ಒಂದು ದಿನ ಮುಧೋಳದಲ್ಲಿ, ಇನ್ನೊಂದು ದಿನ ಬೀಳಗಿಯಲ್ಲಿ, ಮತ್ತೊಂದು ದಿನ ರಬಕವಿಯಲ್ಲಿ ಕುಳಿತು ಚೀಟಿ ಕೊಟ್ಟಳು. ಡೊಮೇನಿನ ಗುಣವೇ ಹಾಗೆ: ಯಾವ ಊರಿನ ಯಾವ ಕಂಪ್ಯೂಟರಿನಲ್ಲಿ ಲಾಗಿನ್ ಮಾಡಿದರೂ ಆ ಖಾತೆಯ ಪ್ರೊಫೈಲು ಬೆನ್ನು ಹತ್ತಿ ಬರುತ್ತದೆ. ನಿನ್ನೆ ಮುಧೋಳದಲ್ಲಿ ಕಂಡ ರಾಮಲಿಂಗಪ್ಪನವರು ಇವತ್ತು ಬೀಳಗಿಯಲ್ಲಿಯೂ ಕಂಡರೆಂದು ರೈತರು ಬಸ್ಸಿನಲ್ಲಿ ಮಾತಾಡಿಕೊಂಡರು. ಬದುಕಿದ್ದಾಗ ಗಲಗಲಿಯಿಂದ ಜಮಖಂಡಿಗೆ ಬರಲು ಜೀಪು, ಡ್ರೈವರು, ಭತ್ಯೆ ಬೇಕೆನ್ನುತ್ತಿದ್ದ ಮನುಷ್ಯ ಈಗ ಹೇಗೆ ಸುಧಾರಿಸಿದ್ದಾರೆ ಎಂದು ಎಲ್ಲರಿಗೂ ಕೌತುಕ. ಗಲಗಲಿ ಶಾಖೆಯಲ್ಲಿ ಯಾರೋ ಪರದೆಯ ಹಣೆಗೆ ವಿಭೂತಿ ಹಚ್ಚಿದರು, ಇನ್ಯಾರೋ ಕೀಬೋರ್ಡಿನ ಮುಂದೆ ಕಾಯಿ ಒಡೆದರು, ನೀರು ಒಳಗಿಳಿಯಿತು. ಸಂಘ ತಕ್ಷಣ ಕ್ರಮ ಕೈಗೊಂಡಿತು.

‘ಪ್ರಕಟಣೆ: ಸಂಘದ ಸದಸ್ಯರ ಗಮನಕ್ಕೆ. ಶ್ರೀ ರಾಮಲಿಂಗಪ್ಪನವರಿಗೆ ಕಾಯಿ ಒಡೆಸುವವರು ಶಾಖೆಯ ಹೊರಗಿನ ಕಟ್ಟೆಯ ಮೇಲೆ ಒಡೆಸತಕ್ಕದ್ದು. ಹೂವು, ಊದಿನಕಡ್ಡಿಗಳನ್ನು ಪ್ರಿಂಟರಿನ ಮೇಲೆ ಇಡಬಾರದು. ಕರ್ತವ್ಯದ ಅವಧಿಯಲ್ಲಿ ಅವರಿಗೆ ಸುಖದುಃಖ ಹೇಳಿಕೊಳ್ಳಬಾರದು. ಆಜ್ಞೆಯ ಮೇರೆಗೆ, ಮ್ಯಾನೇಜರ್.’

ಈ ಏರ್ಪಾಡಿನ ನಿಜವಾದ ಸೊಗಸು ಅಣ್ಣಾಸಾಹೇಬರಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಒಂದು ಮುಂಜಾನೆ ದಾನೇಶ್ವರಿಗೆ ಫೋನ್ ಬಂತು: ಬೀಗರ ಕಬ್ಬು ಸ್ವಲ್ಪ ಮುಂದೆ ಬರಲಿ. ಸರದಿ ತಪ್ಪುತ್ತದೆ ಎಂದು ಅವಳು ಹೇಳಿದಳು. ಚೀಟಿ ಕೊಡುವವಳು ನೀನಲ್ಲವಲ್ಲ, ನಿನಗೇಕೆ ಚಿಂತೆ ಎಂದು ಸಾಹೇಬರು ಸಮಾಧಾನ ಮಾಡಿದರು. ಹಂಗಾಮು ಮುಗಿದ ಮೇಲೆ ಕಾಯಂ ಹುದ್ದೆಯ ಮಾತು ಇದೆ ಎಂಬುದನ್ನೂ ಪ್ರೀತಿಯಿಂದ ನೆನಪಿಸಿದರು. ಮರುದಿನ ಉಳಿದ ನಿರ್ದೇಶಕರ ಫೋನುಗಳೂ ಬಂದವು, ಎರಡೂ ಪಾರ್ಟಿಯವು. ಸರದಿ ತಪ್ಪಿದ ರೈತರು ಸಿಟ್ಟಿನಿಂದ ಕಚೇರಿಗೆ ಬಂದರೆ, ಹೋಗಿ ರಾಮಲಿಂಗಪ್ಪನವರನ್ನೇ ಕೇಳಿರಿ ಎಂದು ಸಿದ್ದಾರೂಢ ಪರದೆ ತೋರಿಸುತ್ತಿದ್ದ. ರೈತರು ಒಂದಿಷ್ಟು ಹೊತ್ತು ನಾಯಿಯನ್ನೂ ರಾಮಲಿಂಗಪ್ಪನವರನ್ನೂ ನೋಡಿ, ಸತ್ತವರ ಮೇಲೆ ಬೈಗುಳ ಯಾಕೆಂದು ಹೊರಗೆ ಬಂದು ಚಹಾ ಕುಡಿಯುತ್ತಿದ್ದರು.

ದಾನೇಶ್ವರಿಗೆ ಮಾತ್ರ ಈಗ ರೊಟ್ಟಿ ಒಂದು ಕಡಿಮೆಯೇ ಹೋಗುತ್ತಿತ್ತು. ಮನಸ್ಸಿಗೆ ಒಗ್ಗದ ಕೆಲಸವನ್ನು ಬೇರೆಯವರ ಹೆಸರಿನಲ್ಲಿ ಮಾಡುವುದು ಸುಲಭ ಎಂದು ಅವಳು ತಿಳಿದಿದ್ದಳು, ಅದು ಹಾಗಲ್ಲ ಎಂಬುದು ಈಗ ಗೊತ್ತಾಯಿತು. ಕಾಯಂ ಆಗಿ ತನ್ನ ಹೆಸರಿನ ಖಾತೆ ಬಂದರೆ ಸಾಕು, ಆವಾಗ ಸರದಿ ಬಿಟ್ಟು ಒಂದು ಚೀಟಿಯನ್ನೂ ಕೊಡುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಆಣೆ ಮಾಡಿಕೊಂಡಳು. ಮನೆಗೆ ಹೋದರೆ ತಂಗೆವ್ವ ಕಪಾಟಿನ ಹಲಗೆಯನ್ನು ಹೊರಗೆ ತೆಗೆದು, ಒರೆಸಿ, ಮತ್ತೆ ಸೀರೆಯಲ್ಲಿ ಸುತ್ತಿ ಇಡುತ್ತಿದ್ದಳು.

ಹಂಗಾಮು ಮುಗಿಯಿತು. ಲೆಕ್ಕ ತಪಾಸಣೆಗೆ ಜ್ಞಾನೇಶ್ವರ ಎಂಬ ಆಡಿಟರ್ ಬಂದರು. ಅವರು ಬಹಳ ಪ್ರಾಮಾಣಿಕರು; ಕಂಪ್ಯೂಟರ್ ಹೇಳಿದ್ದನ್ನು ಬಿಟ್ಟು ಮತ್ತೊಂದನ್ನು ನಂಬುತ್ತಿರಲಿಲ್ಲ. ಹಬ್ಬ, ಭಾನುವಾರ ಎನ್ನದೆ ದುಡಿದವರು ಶ್ರೀ ರಾಮಲಿಂಗಪ್ಪನವರು ಒಬ್ಬರೇ ಎಂದೂ, ಚೇರ್ಮನ್ನರು ಒಮ್ಮೆ ಪ್ರಯತ್ನಪಟ್ಟದ್ದು ಕಂಡುಬರುತ್ತದೆ ಎಂದೂ, ಕುಮಾರಿ ದಾನೇಶ್ವರಿ ಎಂಬುವವರು ಇಡೀ ಹಂಗಾಮಿನಲ್ಲಿ ಒಮ್ಮೆಯೂ ಕೆಲಸಕ್ಕೆ ಬಂದದ್ದಕ್ಕೆ ಆಧಾರವಿಲ್ಲ ಎಂದೂ ಅವರು ವರದಿ ಕೊಟ್ಟರು. ಸರದಿ ತಪ್ಪಿದ ಚೀಟಿಗಳ ಬಗ್ಗೆ ರಾಮಲಿಂಗಪ್ಪನವರಿಗೆ ಕಾರಣ ಕೇಳಿ ನೋಟಿಸು ಹೋಯಿತು. ಉತ್ತರ ಬರಲಿಲ್ಲ. ವಾದ ಮಾಡದೆ ಮೌನವಾಗಿರುವುದು ಅವರ ಸಭ್ಯತೆಯನ್ನು ತೋರಿಸುತ್ತದೆ ಎಂದು ಬರೆದು ಕಡತ ಮುಚ್ಚಲಾಯಿತು.

ಕಾಯಂ ಹುದ್ದೆಯ ಸಭೆಯಲ್ಲಿ, ಠರಾವಿನ ಪ್ರಕಾರ ಹುದ್ದೆ ರಾಮಲಿಂಗಪ್ಪನವರಿಗೆ ಸಲ್ಲಬೇಕು ಎಂದು ಅಣ್ಣಾಸಾಹೇಬರೇ ಸೂಚಿಸಿದರು. ನಿರ್ದೇಶಕರು ನೌಕರರಾಗಲು ಬರುವುದಿಲ್ಲ ಎಂದು ಒಬ್ಬರು ಆಕ್ಷೇಪಿಸಿದರು. ತೀರಿಕೊಂಡದ್ದರಿಂದ ಅವರು ನಿರ್ದೇಶಕರಾಗಿ ಉಳಿದಿಲ್ಲ, ಹೀಗಾಗಿ ಅಡ್ಡಿಯಿಲ್ಲ ಎಂದು ಸಿದ್ದಾರೂಢ ವಿವರಿಸಿದ. ಹಾಗಾದರೆ ನಿರ್ದೇಶಕರ ಜಾಗ ತೆರವಾಯಿತು, ಅಳಿಯ ಬರಬಹುದು ಎಂಬುದು ಅಣ್ಣಾಸಾಹೇಬರ ಮುಖದ ಮೇಲೆ ಬೆಳಕಾಗಿ ಹರಡಿತು. ಅದಕ್ಕೆ ಬದಲಾಗಿ ಇನ್ನೊಂದು ಪಾರ್ಟಿಗೆ ಟ್ರಾಕ್ಟರ್ ಹಂಚುವ ಹಕ್ಕು ಎಂದು ಅಲ್ಲೇ ತೀರ್ಮಾನವಾಯಿತು. ವಯಸ್ಸಿನ ಮಾತು ಬಂದಾಗ, ಅಭ್ಯರ್ಥಿಯ ವಯಸ್ಸು ಇನ್ನು ಮುಂದೆ ಹೆಚ್ಚುವ ಸಂಭವ ಇಲ್ಲದ್ದರಿಂದ ನಿವೃತ್ತಿಯ ಪ್ರಶ್ನೆಯೇ ಏಳುವುದಿಲ್ಲ ಎಂದು ದಾಖಲಿಸಲಾಯಿತು.

ಬಾಗಿಲಲ್ಲಿ ನಿಂತಿದ್ದ ದಾನೇಶ್ವರಿ ಒಳಗೆ ಬಂದಳು.

“ಸಾಹೇಬ್ರ, ಆ ಕೆಲಸ ಎಲ್ಲಾ ನಾ ಮಾಡೀನ್ರಿ. ನಿಮಗೆಲ್ಲಾರ್ಗೂ ಗೊತ್ತೈತ್ರಿ. ನನಗ ಫೋನ್ ಮಾಡ್ದಾವ್ರು ನೀವ ಅದೀರಿ.”

ಯಾರೂ ಅಲ್ಲಗಳೆಯಲಿಲ್ಲ. ಅಣ್ಣಾಸಾಹೇಬರು ಅವಳನ್ನು ಮಗಳನ್ನು ನೋಡುವ ಹಾಗೆ ನೋಡಿ, ಸಿದ್ದಾರೂಢನ ಕಡೆ ತಿರುಗಿದರು. ಸಿದ್ದಾರೂಢನಿಗೆ ನಿಜಕ್ಕೂ ಕೆಡುಕೆನಿಸಿತ್ತು.

“ತಂಗಿ, ಮಾಡೀನಿ ಅಂದ್ರ ಇನ್ನೊಬ್ಬರ ಖಾತೆ ವಾಪರ್ಸಿದಂಗಾತು, ಈಗಿಂದೀಗ ಮನೀಗಿ ಕಳಸ್ಬೇಕಾಗ್ತೈತಿ. ಮಾಡಿಲ್ಲ ಅಂದ್ರ ಕೆಲಸಾನ ಮಾಡಿಲ್ಲ. ನೀನ ಹೇಳು, ಯಾವ್ದು ಬರಕೊಳ್ಲಿ?”

ಎರಡನ್ನೂ ಬರೆದುಕೊಳ್ಳುವುದು ಬೇಡ ಎಂದು ಮಂಡಳಿ ದೊಡ್ಡ ಮನಸ್ಸು ಮಾಡಿತು. ಹೊಸ ಕಾಯಂ ನೌಕರರಿಗೆ ಕೈಕೆಲಸದಲ್ಲಿ ಕೆಲವು ತೊಂದರೆಗಳು ಇರುವುದರಿಂದ ಅವರಿಗೆ ಒಬ್ಬ ಸಹಾಯಕಿ ಬೇಕು. ಆ ಹುದ್ದೆಗೆ ಕುಮಾರಿ ದಾನೇಶ್ವರಿಯವರನ್ನು ಗುತ್ತಿಗೆಯ ಮೇಲೆ, ಶ್ರೀ ರಾಮಲಿಂಗಪ್ಪನವರು ನಿವೃತ್ತರಾಗುವವರೆಗೆ ಮುಂದುವರಿಸತಕ್ಕದ್ದು. ಸಹಾಯಕಿಗೆ ಸ್ವಂತ ಖಾತೆ ಬೇಕಾದಲ್ಲಿ ತನ್ನ ಮೇಲಧಿಕಾರಿಯ ಶಿಫಾರಸು ತರತಕ್ಕದ್ದು. ಆ ಸಂಜೆಯೇ ರಾಮಲಿಂಗಪ್ಪನವರು ತಮ್ಮ ಸಹಾಯಕಿಯನ್ನು ಬಾಯ್ತುಂಬ ಹೊಗಳಿ ಶಿಫಾರಸು ಬರೆದರು. ಬರೆಯುವಾಗ ಅವಳಿಗೆ ಅಳು ಬಂತು, ಏಕೆಂದರೆ ಅದರಲ್ಲಿ ಬರೆದದ್ದೆಲ್ಲ ಖರೆ ಇತ್ತು. ಅನುಮೋದನೆಗಾಗಿ ಅದು ‘ದಿವ್ಯ ಸಾನ್ನಿಧ್ಯ’ಕ್ಕೆ ಹೋಯಿತು. ಯಾವ ಮಠ ಎಂಬುದು ಇನ್ನೂ ತೀರ್ಮಾನವಾಗಬೇಕಿದೆ.

ರಾಮಲಿಂಗಪ್ಪನವರ ಸತ್ಕಾರ ಸಮಾರಂಭಕ್ಕೆ ಪತ್ರಿಕೆ ಅಚ್ಚಾಯಿತು. ಎಲ್ಲರ ಹೆಸರೂ ಇದ್ದಲ್ಲೇ ಇತ್ತು, ಉಪಸ್ಥಿತಿಯ ಸಾಲಿಗೆ ಅಳಿಯನ ಹೆಸರು ಹೊಸದಾಗಿ ಸೇರಿತ್ತು. ವೇದಿಕೆಯ ಮೇಲೆ ಕಂಪ್ಯೂಟರ್ ಇಟ್ಟು ಶಾಲು ಹೊದಿಸಿದರೆ ಅದು ಜಾರಿ ಜಾರಿ ಬಿದ್ದದ್ದರಿಂದ, ಅವರ ಪರವಾಗಿ ಎಂದು ದಾನೇಶ್ವರಿಯ ಹೆಗಲಿಗೆ ಹೊದಿಸಿ, ಕೈಗೆ ಕಾಯಿ ಕೊಟ್ಟರು. ರಾಮಲಿಂಗಪ್ಪನವರು ಈಗ ಎರಡು ಮಾತು ಆಡಬೇಕು ಎಂದು ಸಿದ್ದಾರೂಢ ಮೈಕಿನಲ್ಲಿ ಕೇಳಿಕೊಂಡ. ದಾನೇಶ್ವರಿ ಆಚೀಚೆ ನೋಡಿದಳು. ನಂತರ ಎದ್ದು ಹೋಗಿ, ತಾನು ಸಂಘಕ್ಕೆ ಚಿರಋಣಿ ಎಂದೂ, ಕೊನೆಯ ಉಸಿರಿನ ನಂತರವೂ ದುಡಿಯುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ ಎಂದೂ ಹೇಳಿ ಕುಳಿತಳು. ಚಪ್ಪಾಳೆ ಜೋರಾಗಿ ಬಿತ್ತು. ಕೆಳಗಿಳಿದಾಗ ತಾರವ್ವ ಅಡ್ಡ ಬಂದು ಕೈಮುಗಿದಳು.

“ಬರೂ ವರ್ಸಾನೂ ನಂದ ಲಗೂನ ಕೊಡ್ರಿ, ಎಪ್ಪಾ.”

“ಕೊಡ್ತೀನಿ ಬಿಡವಾ,” ಎಂದಳು ದಾನೇಶ್ವರಿ.

ಮನೆಯಲ್ಲಿ ತಂಗೆವ್ವ ಎಲ್ಲವನ್ನೂ ಕೇಳಿ, ಹಲಗೆಯನ್ನು ಕಪಾಟಿನಿಂದ ಹೊರಗೆ ತೆಗೆದಳು. ಮುಂದಿನ ಸಂತೆಯ ದಿನ ಬನಹಟ್ಟಿಗೆ ಹೋಗಿ, ಅದರ ಹಿಂಭಾಗಕ್ಕೆ ‘ಶ್ರೀ ರಾಮಲಿಂಗಪ್ಪ’ ಎಂದು ಬರೆಸಿಕೊಂಡು ಬಂದು, ಮೊದಲಿಂದ ಆಸೆಪಟ್ಟಂತೆ ತಾನೇ ಆಫೀಸಿಗೆ ಒಯ್ದು ಮಗಳ ಮೇಜಿನ ಮೇಲೆ ಇಟ್ಟಳು. ಈಗಲೂ ಅದು ಅಲ್ಲೇ ಇದೆ. ಬಂದವರ ಕಡೆಗೆ ರಾಮಲಿಂಗಪ್ಪನವರ ಹೆಸರು, ಕುರ್ಚಿಯಲ್ಲಿ ಕುಳಿತವಳ ಕಡೆಗೆ ಅವಳದು. ಸಾರ್ವಜನಿಕರಿಗೆ ಕಾಣದ ಬದಿಯಲ್ಲಿ ಇರುವುದರಿಂದ ಕಚೇರಿಯಿಂದ ಇದಕ್ಕೆ ಯಾವುದೇ ಆಕ್ಷೇಪಣೆ ಬಂದಿಲ್ಲ.